ಅರಿಯಲೂರಿನ ಪಳೆಯುಳಿಕೆ ನೆಲಕ್ಕೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಏನೇನು ವಿಚಾರಿಸಬೇಕು?

ಹಾಸನದ ವಿಜ್ಞಾನ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಈ ವರ್ಷ ಶೈಕ್ಷಣಿಕ ಪ್ರವಾಸಕ್ಕೆಂದು ತಮಿಳುನಾಡಿನ ಅರಿಯಲೂರು ಮತ್ತು ಪೆರಂಬಲೂರು ಜಿಲ್ಲೆಗಳಿಗೆ ಕರೆದೊಯ್ಯುವ ಆಲೋಚನೆ ಇದೆ. ಸಾತನೂರಿನ ಕಲ್ಲಾದ ಮರ, ವಾರಣವಾಸಿಯ ಪಳೆಯುಳಿಕೆ ವಸ್ತುಸಂಗ್ರಹಾಲಯ, ಕಾರೈ ಗ್ರಾಮದ ಕೊರಕಲು ನೆಲ, ಸಾಧ್ಯವಾದರೆ ಒಂದು ಸುಣ್ಣಕಲ್ಲಿನ ಗಣಿ, ಇವಿಷ್ಟು ನಮ್ಮ ಪಟ್ಟಿಯಲ್ಲಿವೆ. ಡಿಸೆಂಬರ್ ಎರಡನೆಯ ವಾರ ಹೊರಡಬೇಕೆಂದುಕೊಂಡಿದ್ದೇವೆ.

ಬೇಲೂರು, ಶ್ರವಣಬೆಳಗೊಳಕ್ಕೆ ಹೋಗುವುದಾದರೆ ಯಾರನ್ನು ಕೇಳಬೇಕು, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂಬುದೆಲ್ಲ ನಮಗೆ ಗೊತ್ತು. ಆದರೆ ಬಾಗಿಲೂ ಇಲ್ಲದ, ಟಿಕೆಟ್ ಕೊಡುವವರೂ ಇಲ್ಲದ ಬಯಲು ನೆಲಕ್ಕೆ ಹೋಗುವಾಗ ಯಾರನ್ನು ವಿಚಾರಿಸಬೇಕು, ಏನೆಂದು ವಿಚಾರಿಸಬೇಕು ಎಂಬುದು ಸ್ಪಷ್ಟವಾಗಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು. ಇನ್ನೊಂದು ಮಾತು: ಅಷ್ಟು ದೂರ ಏಕೆ, ನಮ್ಮ ಜಿಲ್ಲೆಯಲ್ಲಿ ಪಳೆಯುಳಿಕೆ ಇಲ್ಲವೇ ಎಂದು ಮಕ್ಕಳೇ ಕೇಳುತ್ತಿದ್ದಾರೆ.

ಚಿಕ್ಕಮಗಳೂರಿನ ನಿವೃತ್ತ ಭೂವಿಜ್ಞಾನ ಅಧ್ಯಾಪಕ

ಮೇಷ್ಟ್ರೇ, ಮೊದಲು ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಹೊಳೆನರಸೀಪುರ, ಗೊರೂರು ಸುತ್ತಲಿನ ಶಿಲೆಗಳು 300 ಕೋಟಿ ವರ್ಷಗಳಿಗೂ ಹಳೆಯವು. ಕಣ್ಣಿಗೆ ಕಾಣುವ ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಬಹಳ ಹಿಂದೆಯೇ ಹುಟ್ಟಿ, ಆಮೇಲೆ ನೆಲದಾಳದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡ ಕಲ್ಲುಗಳಲ್ಲಿ ಚಿಪ್ಪನ್ನೋ ಮೂಳೆಯನ್ನೋ ಹುಡುಕಿ ಫಲವಿಲ್ಲ. ಕಲ್ಲುಕ್ವಾರಿಯ ಚಪ್ಪಡಿಗಳ ಮೇಲೆ ಜರೀಗಿಡದಂತೆ ಕವಲೊಡೆದ ಕಪ್ಪು ಗುರುತು ಕಂಡು ಎಲೆಯ ಪಳೆಯುಳಿಕೆ ಸಿಕ್ಕಿತೆಂದು ಫೋಟೋ ಕಳುಹಿಸುವವರು ಬಹಳ ಮಂದಿ. ಅದು ಬಿರುಕಿನೊಳಗೆ ಇಳಿದ ನೀರಿನಲ್ಲಿದ್ದ ಮ್ಯಾಂಗನೀಸ್ ಆಕ್ಸೈಡ್ ಕಟ್ಟಿಕೊಂಡ ರೇಖೆ, ಗಿಡವಲ್ಲ.

ಈಗ ಪ್ರವಾಸದ ವಿಚಾರ. ನೀವು ಸ್ಥಳಗಳನ್ನು ಸರಿಯಾಗಿಯೇ ಆರಿಸಿದ್ದೀರಿ, ಆದರೆ ತಿಂಗಳು ಸರಿಯಿಲ್ಲ. ನಮಗೆ ಮಳೆಯೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಒಣ ಹವೆ, ಚಳಿ. ಅದೇ ಲೆಕ್ಕವನ್ನು ಪೆರಂಬಲೂರಿಗೆ ಅನ್ವಯಿಸಲಾಗದು. ಅಲ್ಲಿಗೆ ಹೆಚ್ಚಿನ ಮಳೆ ತರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತ, ಅದರ ಜೊತೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಮತ್ತು ಚಂಡಮಾರುತಗಳು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲ ಮುಟ್ಟಿದ ಫೆಂಗಲ್ ಚಂಡಮಾರುತ ವಿಲ್ಲುಪುರಂ ಜಿಲ್ಲೆಯನ್ನು ಯಾವ ಸ್ಥಿತಿಗೆ ತಂದಿತೆಂಬುದನ್ನು ಸುದ್ದಿಯಲ್ಲಿ ನೋಡಿರುತ್ತೀರಿ. ಇನ್ನೊಂದು ಹೆಸರಾಂತ ಕಲ್ಮರದ ತಾಣವಾದ ತಿರುವಕ್ಕರೈ ಇರುವುದು ಅದೇ ಜಿಲ್ಲೆಯಲ್ಲಿ. ನಮ್ಮ ಶಾಲಾ ಪ್ರವಾಸಗಳು ನವೆಂಬರ್, ಡಿಸೆಂಬರ್ ತಿಂಗಳಲ್ಲೇ ನಡೆಯುವ ವಾಡಿಕೆ ನಮ್ಮ ಹವೆಗೆ ಹೊಂದುತ್ತದೆ. ಅಲ್ಲಿನ ಹವೆಗೆ ಹೊಂದುವುದಿಲ್ಲ.

ಕಾರೈ ನೆಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಯುಗದಲ್ಲಿ ಅದು ಸಮುದ್ರದ ತಳ. ಅಲ್ಲಿ ಕೂತ ಜೇಡಿಮಣ್ಣೇ ಈಗ ಗುಡ್ಡಗುಡ್ಡವಾಗಿ, ನಡುವೆ ಆಳವಾದ ಕೊರಕಲುಗಳಾಗಿ ಕೊರೆದು ನಿಂತಿದೆ. ಮರದ ನೆರಳೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಒಣಗಿದಾಗ ಮೇಲ್ಮಣ್ಣು ಪುಡಿಪುಡಿಯಾಗಿ ಬಿರಿದಿರುತ್ತದೆ, ಜಿಪ್ಸಂ ಹಾಳೆಗಳು ಬಿಸಿಲಿಗೆ ಹೊಳೆಯುತ್ತವೆ, ಬೆರಳುದ್ದದ, ಒಂದು ತುದಿ ಚೂಪಾದ, ಕಂದು ಬಣ್ಣದ ಬೆಲೆಮ್ನೈಟ್ ಎಂಬ ಕಡಲ ಜೀವಿಯ ಪಳೆಯುಳಿಕೆ ತುಂಡುಗಳು ಕಾಲ ಬಳಿಯಲ್ಲೇ ಬಿದ್ದಿರುತ್ತವೆ. ಒಂದು ಜೋರು ಮಳೆ ಬಂದರೆ ಇದೇ ಮಣ್ಣು ಬೂಟಿನ ಅಡಿಗೆ ಪದರ ಪದರವಾಗಿ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ, ಇಳಿಜಾರಿನಲ್ಲಿ ಜಾರುತ್ತದೆ, ಕೊರಕಲಿನ ಅಂಚು ಕಾಲಡಿಯಲ್ಲಿ ಕುಸಿಯುತ್ತದೆ. ಆದರೆ ಹೊಸ ಪಳೆಯುಳಿಕೆಗಳನ್ನು ತೊಳೆದು ಮೇಲಕ್ಕೆ ತರುವುದೂ ಅದೇ ಮಳೆ. ಆದ್ದರಿಂದ ಅನುಭವಿಗಳು ಮಳೆಗಾಲ ಮುಗಿದು ನೆಲ ಚೆನ್ನಾಗಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಅಂದರೆ ಜನವರಿ ಕೊನೆಯಿಂದ ಫೆಬ್ರವರಿಯ ನಡುವೆ ಹೋಗುತ್ತಾರೆ. ಪೊಂಗಲ್ ರಜೆಯ ದಿನಗಳನ್ನು ಬಿಟ್ಟುಬಿಡಿ. ಆಗ ಯಾವ ಕಚೇರಿಯಲ್ಲೂ ಫೋನ್ ಎತ್ತುವವರು ಸಿಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಾತೇ ಬೇಡ.

ಅರಸೀಕೆರೆಯ ಪ್ರವಾಸಿ

ಗುರುಗಳ ಮಾತಿಗೆ ಎದುರಾಡುತ್ತಿಲ್ಲ. ಆದರೂ ಇಷ್ಟೊಂದು ವಿಚಾರಣೆ ಬೇಕೇ ಎಂದು ಅನಿಸುತ್ತದೆ. ಕಾರೈ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೊಗಳಿವೆ. ಬೈಕಿನಲ್ಲಿ ಹೋಗಿ, ಸುತ್ತಾಡಿ, ಕೈತುಂಬ ಕಲ್ಲು ತೋರಿಸಿ ಬಂದವರನ್ನು ನೋಡಿದ್ದೇನೆ. ಯಾರೂ ತಡೆದಂತೆ ಕಾಣಲಿಲ್ಲ. ಗೂಗಲ್ ನಕ್ಷೆಯಲ್ಲಿ ಗುರುತೂ ಇದೆ. ಪತ್ರ ಬರೆದು, ಉತ್ತರಕ್ಕೆ ಕಾದು ಕೂರುವಷ್ಟರಲ್ಲಿ ಶಾಲೆಯ ವರ್ಷವೇ ಮುಗಿದುಹೋಗುತ್ತದೆ.

ಚಿಕ್ಕಮಗಳೂರಿನ ನಿವೃತ್ತ ಭೂವಿಜ್ಞಾನ ಅಧ್ಯಾಪಕ

ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಚಿತ್ರಗಳನ್ನು ನೀವು ನೋಡಿರುತ್ತೀರಿ. ಕೆಲವದರಲ್ಲಿ ಗೋಡೆಯ ಪಕ್ಕದಲ್ಲೇ ಕಾರು ನಿಂತಿದೆ, ಕೆಲವದರಲ್ಲಿ ಕಮಾನಿನ ಮೇಲ್ಭಾಗ ಮಾತ್ರ ನೀರಿನಿಂದ ಮೇಲಿದೆ. ಎರಡೂ ನಿಜವಾದ ಚಿತ್ರಗಳೇ. ಹೇಮಾವತಿ ಜಲಾಶಯದಲ್ಲಿ ಆ ದಿನ ನೀರೆಷ್ಟಿತ್ತು ಎಂಬುದು ಗೊತ್ತಿಲ್ಲದೆ ಅವುಗಳನ್ನು ನಂಬಿ ಹೊರಡುವಂತಿಲ್ಲ ಎಂಬುದನ್ನು ಹಾಸನದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ವಿಡಿಯೊದಲ್ಲಿ ದಾರಿ ಕಾಣುತ್ತದೆ. ಅದು ಯಾವ ತಿಂಗಳ ದಾರಿ ಎಂಬುದು ಕಾಣುವುದಿಲ್ಲ. ಇಬ್ಬರು ಬೈಕಿನವರನ್ನು ಕಂಡು ಸುಮ್ಮನಿರುವ ಊರಿನವರು, ಮಕ್ಕಳು ತುಂಬಿದ ಬಸ್ಸು ಹೊಲದ ಬದಿಗೆ ಬಂದು ನಿಂತರೆ ಸುಮ್ಮನಿರಬೇಕೆಂದೇನೂ ಇಲ್ಲ.

ನೆಲ ಯಾರದ್ದು ಎಂಬ ಪ್ರಶ್ನೆ ಅಲ್ಲಿ ಸುಲಭದ್ದಲ್ಲ. ಪೊರಂಬೋಕು, ಅಂದರೆ ಸರ್ಕಾರಿ ಪಾಳು ಭೂಮಿ ಒಂದು ಕಡೆ, ರೈತರ ಪಟ್ಟಾ ಭೂಮಿ ಇನ್ನೊಂದು ಕಡೆ, ಅದಕ್ಕೆ ಅಂಟಿಕೊಂಡಂತೆ ಗಣಿ ಗುತ್ತಿಗೆಯ ಭೂಮಿ. ನಡುವೆ ಬೇಲಿ ಇರಲೇಬೇಕೆಂದಿಲ್ಲ. ನಮ್ಮಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ನೆಲದ ಸರ್ವೆ ನಂಬರ್ ಸಿಗುತ್ತದೆ, ಆ ನಂಬರ್ ಹಾಕಿದರೆ ಪಹಣಿ ಸಿಗುತ್ತದೆ. ತಮಿಳುನಾಡಿನಲ್ಲಿಯೂ ಪಟ್ಟಾ, ಚಿಟ್ಟಾ ದಾಖಲೆಗಳು ಆನ್‌ಲೈನ್‌ನಲ್ಲಿವೆ. ಆದರೆ ಹೊರಗಿನವರಿಗೆ ಅದಕ್ಕಿಂತ ಹತ್ತಿರದ ದಾರಿ ಗ್ರಾಮ ಆಡಳಿತಾಧಿಕಾರಿಯನ್ನು ವಿಚಾರಿಸುವುದು. ಸಾತನೂರು, ಕಾರೈ ಎರಡೂ ಪೆರಂಬಲೂರು ಜಿಲ್ಲೆಗೆ ಸೇರಿವೆ, ವಾರಣವಾಸಿ ಅರಿಯಲೂರು ಜಿಲ್ಲೆಯಲ್ಲಿದೆ. ಮಳೆಯ ಎಚ್ಚರಿಕೆಯಾಗಲಿ ಕಲೆಕ್ಟರ್ ಕಚೇರಿಯ ಪ್ರಕಟಣೆಯಾಗಲಿ ಜಿಲ್ಲೆವಾರು ಬರುವುದರಿಂದ ನೀವು ಎರಡನ್ನೂ ನೋಡುತ್ತಿರಬೇಕು. ಹವಾಮಾನಕ್ಕೆ ಚೆನ್ನೈನ ಪ್ರಾದೇಶಿಕ ಹವಾಮಾನ ಕೇಂದ್ರದ ಮುನ್ಸೂಚನೆಯನ್ನೇ ನೋಡಿ; ನಮ್ಮ ವರುಣಮಿತ್ರ ಹವಾಮಾನ ಸಹಾಯವಾಣಿ ಕರ್ನಾಟಕದ ಗಡಿಯಾಚೆಗೆ ಕೆಲಸಕ್ಕೆ ಬಾರದು.

ಸಾತನೂರಿನ ವಿಚಾರ ಬೇರೆ. 1940ರಲ್ಲಿ ಎಂ. ಎಸ್. ಕೃಷ್ಣನ್ ಗುರುತಿಸಿದ, ಸುಮಾರು 18 ಮೀಟರ್ ಉದ್ದದ ಆ ಕಾಂಡ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಕ್ಷಣೆಯಲ್ಲಿದೆ. ಅಲ್ಲಿ ನೋಡಬಹುದು, ಅಳೆಯಬಹುದು, ಬರೆದುಕೊಳ್ಳಬಹುದು. ಒಂದು ಚೂರನ್ನೂ ಎತ್ತುವಂತಿಲ್ಲ. ವಸ್ತುಸಂಗ್ರಹಾಲಯದ ವಾರದ ರಜೆ ಯಾವ ದಿನವೆಂದು ಮೊದಲೇ ಕೇಳಿಕೊಳ್ಳಿ. ನಮ್ಮವರು ಸಾಮಾನ್ಯವಾಗಿ ಸೋಮವಾರವೆಂದು ಊಹಿಸುತ್ತಾರೆ, ಆದರೆ ಚೆನ್ನೈನ ಎಗ್ಮೋರ್ ಸರ್ಕಾರಿ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಸಕಲೇಶಪುರದವನು, ಹಿಂದೆ ಸಿಮೆಂಟ್ ಗಣಿಯಲ್ಲಿದ್ದವನು

ಗಣಿಯ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದು ನನಗೆ ತಿಳಿಯದು. ಅರಿಯಲೂರಿನ ಸುತ್ತ ಸಿಮೆಂಟಿಗಾಗಿ ಸುಣ್ಣಕಲ್ಲು ತೆಗೆಯುವ ಗಣಿಗಳು ಹಲವಾರಿವೆ, ಕಲ್ಲಂಕುರಿಚ್ಚಿಯ ಕಡೆಯ ಸುಣ್ಣಕಲ್ಲಿನಲ್ಲಿ ಸಿಂಪಿ ಜಾತಿಯ ದಪ್ಪ ಚಿಪ್ಪುಗಳು ಪದರವಾಗಿಯೇ ಸಿಗುತ್ತವೆ ಎಂಬುದೆಲ್ಲ ನಿಜ. ಆದರೆ ನಡೆಯುತ್ತಿರುವ ಗಣಿಯೆಂದರೆ 1952ರ ಗಣಿ ಕಾಯ್ದೆಯ ಅಡಿಯಲ್ಲಿ ಬರುವ ಜಾಗ. ಒಳಗೆ ಕಾಲಿಟ್ಟ ಪ್ರತಿಯೊಬ್ಬರ ಸುರಕ್ಷತೆಗೂ ಗಣಿ ಮ್ಯಾನೇಜರ್ ಉತ್ತರ ಹೇಳಬೇಕಾಗುತ್ತದೆ. ಗೇಟಿನಲ್ಲಿರುವ ಕಾವಲುಗಾರ ನಗುತ್ತಾ ಒಳಗೆ ಬಿಟ್ಟರೆ ಅದು ಅನುಮತಿಯಾಗುವುದಿಲ್ಲ.

ಶಾಲೆಯ ಮುದ್ರೆಯಿರುವ ಪತ್ರದಲ್ಲಿ ಮಕ್ಕಳ ಸಂಖ್ಯೆ, ವಯಸ್ಸು, ಜೊತೆಗಿರುವ ಶಿಕ್ಷಕರ ಹೆಸರು, ದಿನಾಂಕ, ಎಷ್ಟು ಹೊತ್ತು ಇರುತ್ತೀರಿ ಎಂಬುದನ್ನೆಲ್ಲ ಬರೆದು ಮ್ಯಾನೇಜರ್ ಹೆಸರಿಗೆ ಕಳುಹಿಸಿ, ಬರಹದಲ್ಲಿಯೇ ಉತ್ತರ ತರಿಸಿಕೊಳ್ಳಿ. ಹೆಲ್ಮೆಟ್ ಅವರು ಕೊಡುತ್ತಾರೋ ನೀವು ತರಬೇಕೋ ಎಂದು ಕೇಳಿ. ಆ ದಿನ ಬಂಡೆ ಒಡೆಯುವ ಸಿಡಿಮದ್ದಿನ ಸಿಡಿತ ಎಷ್ಟು ಗಂಟೆಗೆ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ಸೈರನ್ ಊದಿ ಕೆಂಪು ಬಾವುಟ ಹಿಡಿದವರು ದಾರಿಗೆ ಬಂದು ನಿಂತ ಮೇಲೆ, ಎಲ್ಲವೂ ಸರಿಯಿದೆ ಎಂಬ ಸೈರನ್ ಮತ್ತೆ ಕೇಳುವವರೆಗೆ ಯಾರೂ ಅಲುಗಾಡುವಂತಿಲ್ಲ. ಬಿಸಿಲಿನಲ್ಲಿ ಬಸ್ಸಿನೊಳಗೆ ಕೂತ ಮಕ್ಕಳಿಗೆ ಆ ಹೊತ್ತು ಬಹಳ ದೊಡ್ಡದು. ಮಕ್ಕಳನ್ನು ಹೊಸದಾಗಿ ಸಿಡಿಸಿದ ಬಂಡೆಯ ಮುಖದ ಬಳಿಗೆ ಬಿಡುವುದಿಲ್ಲ, ಬಿಡಲೂಬಾರದು. ಒಪ್ಪಿದರೂ ಹೆಚ್ಚೆಂದರೆ ಮೇಲಿನ ಅಂಚಿನ ನೋಟದ ಜಾಗದಿಂದ ತೋರಿಸಿ, ಪಕ್ಕಕ್ಕೆ ಹಾಕಿದ ರಾಶಿಯಲ್ಲಿ ಒಂದಷ್ಟು ಚಿಪ್ಪುಗಳನ್ನು ನೋಡಲು ಬಿಟ್ಟಾರು.

ಕೆಲಸ ನಿಂತ ಹಳೆಯ ಗುಂಡಿಗಳ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಹೋಗಬೇಡಿ. ಅಲ್ಲಿ ತಡೆಯುವವರಿಲ್ಲ ಎಂಬ ಕಾರಣಕ್ಕೇ ವಿಡಿಯೊ ಮಾಡುವವರು ಅಲ್ಲಿಗೆ ಹೋಗುವುದು. ಬದಿ ನೆಟ್ಟಗೆ ಕಡಿದಿರುತ್ತದೆ, ಹಿಂಗಾರಿನ ಹೊತ್ತಿಗೆ ನೀರು ತುಂಬಿರುತ್ತದೆ, ಆಳ ಎಷ್ಟೆಂದು ಮೇಲಿನಿಂದ ಗೊತ್ತಾಗುವುದಿಲ್ಲ.

ಬೇಲೂರಿನ ಪೋಷಕಿ

ನಾನು ಭೂವಿಜ್ಞಾನ ಓದಿದವಳಲ್ಲ, ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ, ಅಷ್ಟೆ. ಮಣ್ಣು, ಮಳೆ, ಗಣಿಯ ವಿಚಾರವೆಲ್ಲ ಚೆನ್ನಾಗಿ ತಿಳಿಸಿದ್ದೀರಿ. ಆದರೆ ಕಾರೈ ಬಯಲಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂದು ಇಲ್ಲಿಯವರೆಗೆ ಒಬ್ಬರೂ ಬರೆದಿಲ್ಲ. ಕುಡಿಯುವ ನೀರನ್ನು ಎಲ್ಲಿ ತುಂಬಿಸಿಕೊಳ್ಳುತ್ತೀರಿ? ಯಾರಾದರೂ ಜಾರಿ ಬಿದ್ದು ಕಾಲು ಮುರಿದುಕೊಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಮಕ್ಕಳು ಎಷ್ಟು ದೂರ ನಡೆಯಬೇಕು, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ನಾವು ಕೇಳುವುದು ಇವನ್ನೇ. ಅನುಮತಿ ಸಿಕ್ಕಿದೆ ಎಂಬ ಒಂದೇ ಸಾಲಿನ ಉತ್ತರ ನಮಗೆ ಸಾಲದು.

ಹಾಸನದ ವಿಜ್ಞಾನ ಶಿಕ್ಷಕ

ಮೇಡಂ, ನಿಮ್ಮ ಪ್ರಶ್ನೆಗಳು ನ್ಯಾಯವಾದವು. ಇವುಗಳಲ್ಲಿ ಒಂದಕ್ಕೂ ಈ ಹೊತ್ತಿಗೆ ನನ್ನ ಬಳಿ ಉತ್ತರವಿಲ್ಲ. ಉತ್ತರ ಸಿಗದೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪ್ರಸ್ತಾವವನ್ನೇ ಕಳುಹಿಸುವುದಿಲ್ಲ.

ಮೂಡಿಗೆರೆ ತೋಟದ ಮನೆ

ವಿಷಯಕ್ಕೆ ಹತ್ತಿರದ್ದೆಂದು ಇಷ್ಟು ಬರೆಯುತ್ತಿದ್ದೇನೆ. ಮಗಳು ಇಂಗ್ಲೆಂಡಿನಲ್ಲಿರುವುದರಿಂದ ಅಲ್ಲಿಗೆ ಹೋದಾಗ ಡಾರ್ಸೆಟ್ ಕರಾವಳಿಯ ಚಾರ್ಮತ್ ಎಂಬ ಊರಿಗೆ ಹೋಗಿದ್ದೆವು. ಜುರಾಸಿಕ್ ಯುಗದ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಪಳೆಯುಳಿಕೆಗಳು ಸಮುದ್ರ ದಂಡೆಯ ಉರುಟು ಕಲ್ಲುಗಳ ನಡುವೆ ಸಿಗುತ್ತವೆ, ನಮ್ಮಂತಹ ಸಾಮಾನ್ಯರೂ ಸಡಿಲವಾಗಿ ಬಿದ್ದದ್ದನ್ನು ಆರಿಸಿಕೊಳ್ಳಬಹುದು. ಪಕ್ಕದ ಲೈಮ್ ರೀಜಿಸ್‌ನಲ್ಲಿಯೇ ಮೇರಿ ಆ್ಯನಿಂಗ್ ಎಂಬ ಹೆಣ್ಣುಮಗಳು 19ನೇ ಶತಮಾನದ ಆರಂಭದಲ್ಲಿ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎಂಬ ಕಡಲ ಸರೀಸೃಪಗಳ ಅಸ್ಥಿಪಂಜರಗಳನ್ನು ಹೊರತೆಗೆದದ್ದು.

ಅಲ್ಲಿ ದಂಡೆಗೆ ಇಳಿಯುವ ಮೊದಲು ನೋಡುವುದು ಭರತ ಇಳಿತದ ವೇಳಾಪಟ್ಟಿ. ನೀರು ಇಳಿಯುತ್ತಿರುವಾಗ ಹೊರಟು, ಏರುವ ಮುನ್ನ ಹಿಂದಿರುಗಬೇಕು. ಹೊತ್ತು ಮೀರಿದರೆ ಒಂದು ಬದಿಯಲ್ಲಿ ಸಮುದ್ರ, ಇನ್ನೊಂದು ಬದಿಯಲ್ಲಿ ಕುಸಿಯುವ ಮಣ್ಣಿನ ಕಡಿಬಂಡೆ, ನಡುವೆ ಓಡಲು ಜಾಗವಿರುವುದಿಲ್ಲ. ಮಳೆಯಾದ ಮೇಲೆ ಕಡಿಬಂಡೆಯ ಬುಡಕ್ಕೆ ಹೋಗಲೇಬಾರದು, ಅದನ್ನು ಸುತ್ತಿಗೆಯಿಂದ ಹೊಡೆಯುವಂತಿಲ್ಲ. ಮುಖ್ಯವಾದ ಪಳೆಯುಳಿಕೆ ಸಿಕ್ಕರೆ ಅಲ್ಲಿನ ಮಾಹಿತಿ ಕೇಂದ್ರದಲ್ಲಿ ದಾಖಲಿಸಬೇಕು. ಆ ದಿನ ದಂಡೆ ಹೇಗಿದೆ ಎಂದು ಆ ಕೇಂದ್ರದವರನ್ನು ಕೇಳಿಕೊಂಡೇ ಜನ ಇಳಿಯುತ್ತಾರೆ. ಕಾರೈನಲ್ಲಿ ಅಂತಹ ಕೇಂದ್ರವಿಲ್ಲದ ಮೇಲೆ, ಬೆಳಿಗ್ಗೆ ಫೋನ್ ಮಾಡಿದರೆ ಇಂದು ನೆಲ ಹೇಗಿದೆ ಎಂದು ಹೇಳಬಲ್ಲ ಒಬ್ಬ ಸ್ಥಳೀಯರಾದರೂ ಮೇಷ್ಟ್ರಿಗೆ ಬೇಕು.

ಅರಸೀಕೆರೆಯ ಪ್ರವಾಸಿ

ಸರಿ, ಗಣಿಯವರ ಮಾತನ್ನೂ ಬೇಲೂರಿನ ಮೇಡಂ ಅವರ ಮಾತನ್ನೂ ಓದಿದ ಮೇಲೆ ನನ್ನ ವಾದವನ್ನು ಮುಂದುವರಿಸುವುದಿಲ್ಲ. ಬದಲಿಗೆ ಒಂದು ಸಲಹೆ. ಡಿಸೆಂಬರ್ ತಿಂಗಳನ್ನು ಬದಲಿಸಲಾಗದು ಎಂದಾದರೆ ಊರನ್ನು ಬದಲಿಸಬಹುದಲ್ಲವೇ? ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ ಬಹಳ ಹಳೆಯ ಪಳೆಯುಳಿಕೆಗಳಿವೆ ಎಂದು ಕೇಳಿದ್ದೇನೆ. ನಮ್ಮ ಅರಸೀಕೆರೆ, ತಿಪಟೂರು ಹಾದು ಹೆದ್ದಾರಿಯಲ್ಲೇ ಹೋಗಬಹುದು, ಬೆಳಿಗ್ಗೆ ಹೊರಟರೆ ರಾತ್ರಿಗೆ ಮನೆ. ಗುರುಗಳು ಇದರ ಬಗ್ಗೆ ಏನು ಹೇಳುತ್ತಾರೆ?

ಚಿಕ್ಕಮಗಳೂರಿನ ನಿವೃತ್ತ ಭೂವಿಜ್ಞಾನ ಅಧ್ಯಾಪಕ

ಒಳ್ಳೆಯ ಸಲಹೆ. ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿರುವುದು ಸ್ಟ್ರೋಮಟೊಲೈಟ್, ಸುಮಾರು 260 ಕೋಟಿ ವರ್ಷ ಹಿಂದಿನದು. ಆಳವಿಲ್ಲದ ನೀರಿನ ತಳದಲ್ಲಿ ಸೂಕ್ಷ್ಮಾಣುಗಳು ಚಾಪೆಯಂತೆ ಹರಡಿ, ಮಣ್ಣಿನ ಕಣಗಳನ್ನು ಹಿಡಿದುಕೊಂಡು ಪದರದ ಮೇಲೆ ಪದರ ಕಟ್ಟಿದ ರಚನೆ. ಮಕ್ಕಳು ಚಿಪ್ಪನ್ನೋ ಮೂಳೆಯನ್ನೋ ನಿರೀಕ್ಷಿಸಿ ಬಂದರೆ ಅವರಿಗೆ ಬರೀ ಗೆರೆಗಳು ಕಾಣುತ್ತವೆ, ಆದ್ದರಿಂದ ತರಗತಿಯಲ್ಲೇ ಚಿತ್ರ ತೋರಿಸಿ ಕರೆತನ್ನಿ. ಸೂರ್ಯ ನೆತ್ತಿಯ ಮೇಲಿದ್ದಾಗ ಬಾಗಿದ ಪದರಗಳು ಎದ್ದು ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು. ಒಂದು ಬಾಟಲಿ ನೀರನ್ನು ಕಲ್ಲಿನ ಮೇಲೆ ಸುರಿದು ಒದ್ದೆ ಮಾಡಿದರೆ ಗೆರೆಗಳು ಸ್ಪಷ್ಟವಾಗುತ್ತವೆ. ಸುತ್ತಿಗೆ ಬೇಕಿಲ್ಲ, ಸುಣ್ಣದ ಕಡ್ಡಿಯಿಂದ ಗೆರೆ ತಿದ್ದುವುದೂ ಬೇಡ.

ಇಲ್ಲಿಯೂ ವಿಚಾರಣೆ ತಪ್ಪಿದ್ದಲ್ಲ, ಆದರೆ ಕನ್ನಡದಲ್ಲೇ ಮುಗಿಯುತ್ತದೆ. ಶಿಲೆ ಹೊರಗೆ ಕಾಣುವ ಜಾಗ ಯಾವ ಸರ್ವೆ ನಂಬರಿನಲ್ಲಿದೆ, ಅದು ಗೋಮಾಳವೋ ಖಾಸಗಿಯೋ ಕಲ್ಲು ತೆಗೆಯಲು ಕೊಟ್ಟದ್ದೋ ಎಂಬುದನ್ನು ಪಹಣಿ ನೋಡಿ ತಿಳಿದುಕೊಂಡು, ಗ್ರಾಮ ಪಂಚಾಯಿತಿಗೂ ಜಮೀನಿನವರಿಗೂ ಒಂದು ಮಾತು ತಿಳಿಸಿ. ಡಿಸೆಂಬರ್ ರಾಗಿ ಕೊಯ್ಲಿನ ಕಾಲ. ಬೆಳೆ ನಿಂತ ಹೊಲದ ಬದುವಿನ ಮೇಲೆ ಮಕ್ಕಳ ಸಾಲು ನಡೆಸಬೇಡಿ, ಕಣಕ್ಕೆ ಕಾಲಿಡದಂತೆ ನೋಡಿಕೊಳ್ಳಿ. ಅರಣ್ಯ ಗಡಿಯೊಳಗೆ ಬಿದ್ದ ಕಲ್ಲನ್ನು ಎತ್ತುವುದು ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯೋತ್ಪನ್ನವೆಂಬುದರಲ್ಲಿ ಕಲ್ಲು, ಖನಿಜಗಳೂ ಸೇರಿವೆ. ಬಾಬಾಬುಡನ್‌ಗಿರಿಯ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲನ್ನು ನೆನಪಿಗೆಂದು ಡಿಕ್ಕಿಯಲ್ಲಿಟ್ಟುಕೊಂಡು ಇಳಿಯುವ ಸಜ್ಜನರಿಗೂ ಈ ಮಾತು ಅನ್ವಯಿಸುತ್ತದೆ.

ಒಂದೇ ಎಚ್ಚರಿಕೆ: ಮೊದಲು ನೀವೊಬ್ಬರೇ ಹೋಗಿ ನೋಡಿಕೊಂಡು ಬನ್ನಿ. ಕಲ್ಲು ತೆಗೆಯುವ ಜಾಗಗಳಲ್ಲಿ ಹೋದ ವರ್ಷವಿದ್ದ ಬಂಡೆ ಈ ವರ್ಷ ಇರುತ್ತದೆಂಬ ಭರವಸೆಯಿಲ್ಲ.

ಹಾಸನದ ವಿಜ್ಞಾನ ಶಿಕ್ಷಕ

ಎಲ್ಲರ ಮಾತುಗಳನ್ನೂ ಮುಖ್ಯೋಪಾಧ್ಯಾಯರ ಮುಂದಿಟ್ಟೆ. ಈ ಡಿಸೆಂಬರ್‌ನಲ್ಲಿ ಮಕ್ಕಳನ್ನು ದೊಡ್ಡಗುಣಿಗೆ ಕರೆದೊಯ್ಯುವುದೆಂದು ತೀರ್ಮಾನವಾಗಿದೆ. ಅದಕ್ಕೆ ಮೊದಲು ಒಂದು ಭಾನುವಾರ ನಾನೂ ನಮ್ಮ ಸಮಾಜ ವಿಜ್ಞಾನದ ಮೇಡಂ ಅವರೂ ಹೋಗಿ ಜಾಗ, ಬಸ್ಸು ನಿಲ್ಲಿಸುವ ಸ್ಥಳ, ಹತ್ತಿರದ ಶಾಲೆಯ ಶೌಚಾಲಯವನ್ನು ಬಳಸಲು ಬಿಡುತ್ತಾರೆಯೇ ಎಂಬುದನ್ನೆಲ್ಲ ನೋಡಿಕೊಂಡು ಬರುತ್ತೇವೆ.

ಅರಿಯಲೂರನ್ನು ಕೈಬಿಟ್ಟಿಲ್ಲ. ಜನವರಿ ಕೊನೆಯ ವಾರ ಶಿಕ್ಷಕರಷ್ಟೇ ಮೈಸೂರಿನಿಂದ ತಿರುಚ್ಚಿಗೆ ರಾತ್ರಿಯ ರೈಲಿನಲ್ಲಿ ಹೋಗಿ ಸಾತನೂರು, ವಾರಣವಾಸಿ, ನೆಲ ಆರಿದ್ದರೆ ಕಾರೈ ನೋಡಿಬರುವುದೆಂದು ಯೋಚಿಸಿದ್ದೇವೆ. ಗಣಿಯನ್ನು ಪಟ್ಟಿಯಿಂದ ತೆಗೆದಿದ್ದೇವೆ. ಕಾರೈ ಕಡೆ ಫೋನ್ ಮಾಡಿ ವಿಚಾರಿಸಬೇಕಾದರೆ ನಮ್ಮಲ್ಲಿ ಯಾರಿಗೂ ತಮಿಳು ಬಾರದು ಎಂಬ ತೊಡಕೊಂದು ಉಳಿದಿದೆ.

ಮೂಡಿಗೆರೆ ತೋಟದ ಮನೆ

ನಮ್ಮ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಪೆರಂಬಲೂರಿನ ಕಡೆಯವರೇ, ಅವರ ಅಕ್ಕನ ಮನೆ ಈಗಲೂ ಅಲ್ಲಿದೆ. ಕೇಳಿ ನೋಡಿದೆ, ಆಗಲಿ ಎಂದಿದ್ದಾರೆ. ಹೊರಡುವ ವಾರದಲ್ಲಿ ಒಮ್ಮೆ, ಹಿಂದಿನ ದಿನ ಸಂಜೆ ಇನ್ನೊಮ್ಮೆ ಅವರಿಂದಲೇ ಫೋನ್ ಮಾಡಿಸುತ್ತೇನೆ. ಕೇಳಬೇಕಾದದ್ದನ್ನು ಕನ್ನಡದಲ್ಲಿ ಬರೆದು ಕಳುಹಿಸಿ ಮೇಷ್ಟ್ರೇ: ಕೊನೆಯ ಮಳೆ ಎಂದು ಬಂತು, ಕಾಲುದಾರಿಯಲ್ಲಿ ನೀರು ನಿಂತಿದೆಯೇ, ಊರಿನಿಂದ ಕೊರಕಲಿನವರೆಗೆ ಆಟೊ ಹೋಗುತ್ತದೆಯೇ, ಗ್ರಾಮ ಆಡಳಿತಾಧಿಕಾರಿ ಯಾವ ದಿನ ಕಚೇರಿಯಲ್ಲಿರುತ್ತಾರೆ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಅವರು ಹಗಲು ಸಿಗುವುದಿಲ್ಲ, ರಾತ್ರಿ ಎಂಟರ ಮೇಲೆ ಕೇಳಿ ತಿಳಿಸುತ್ತೇನೆ.